ಮನೆಯೊಡತಿಯನ್ನು ಇನ್ನಷ್ಟು ಕ್ರೂರಿಯಾಗಿಸಬೇಕೆ?

1952ರ ‘ವಿಮೆನ್ ಆಫ್ ಟ್ವೈಲೈಟ್’ ಚಿತ್ರ ನೋಡಿದ ಮೇಲೆ ಅಂಥದೇ ಕಥೆಯ ನಾಟಕ ಬರೆಯಲು ಹೊರಟಿದ್ದೀರಿ. ಮದುವೆಯಾಗದ ತಾಯಂದಿರಿಗೆ ಕೋಣೆ ಕೊಟ್ಟು ಸುಲಿಯುವ ಮನೆಯೊಡತಿಯನ್ನು ಇನ್ನಷ್ಟು ಕ್ರೂರಿಯಾಗಿಸಬೇಕೆ, ಕಥೆಯನ್ನು ಲಂಡನ್ನಿನಿಂದ ಬೆಂಗಳೂರಿಗೆ ತರಬಹುದೆ ಎಂದು ಕೇಳಿದ್ದೀರಿ. ಎಂಟು ವರ್ಷಗಳ ಹಿಂದೆ ನಾನೂ ಇದನ್ನೇ ಕೇಳಿಕೊಂಡಿದ್ದೆ. ಮೊದಲನೆಯದಕ್ಕೆ ‘ಹೌದು’ ಎಂದು ನಾನೇ ಉತ್ತರ ಕೊಟ್ಟುಕೊಂಡು ಒಂದು ನಾಟಕವನ್ನು ಕೆಡಿಸಿದೆ.

ಶಿವಮೊಗ್ಗದ ನಮ್ಮ ಹವ್ಯಾಸಿ ತಂಡದಲ್ಲಿ ಆಗ ನಟಿಯರೇ ಹೆಚ್ಚಾಗಿದ್ದರು. ಗಾರ್ಡನ್ ಪ್ಯಾರಿ ನಿರ್ದೇಶಿಸಿದ ಆ ಚಿತ್ರಕ್ಕೆ ಆಧಾರವಾದ ಸಿಲ್ವಿಯಾ ರೇಮನ್ ಅವರ ನಾಟಕದಲ್ಲಿ ಎಲ್ಲ ಪಾತ್ರಗಳೂ ಹೆಂಗಸರವೇ ಎಂದು ತಿಳಿದಾಗ ನನ್ನ ಉತ್ಸಾಹ ಇಮ್ಮಡಿಯಾಯಿತು. ಅದನ್ನು ಅನುವಾದಿಸದೆ ಸ್ವಂತ ಕಥೆಯೊಂದನ್ನು ಕಟ್ಟಿದೆ: 1951ರ ಲಂಡನ್, ಒಂದು ನೆಲಮಾಳಿಗೆ, ಐವರು ಹುಡುಗಿಯರು, ಬಟ್ಟೆಯ ಗಂಟಿನಲ್ಲಿ ಕೂಸುಗಳು, ಎಲ್ಲರ ಮೇಲೆ ಒಬ್ಬ ಮನೆಯೊಡತಿ.

ಮೊದಲ ಕರಡಿನಲ್ಲಿ ಹದಿನೆಂಟು ಪುಟಗಳ ಒಂದು ದೃಶ್ಯವಿತ್ತು. ಶನಿವಾರ ಸಂಜೆ, ಅಡುಗೆಮನೆಯ ಮೇಜು. ಹುಡುಗಿಯರು ಒಬ್ಬೊಬ್ಬರಾಗಿ ಬಂದು ವಾರದ ಬಾಡಿಗೆಯನ್ನು ಎಣಿಸಿಟ್ಟು, ಜೊತೆಗೆ ತಮ್ಮ ಪಡಿತರ ಪುಸ್ತಕವನ್ನೂ ಅವಳ ಕೈಗೆ ಕೊಡುತ್ತಾರೆ. ಬ್ರಿಟನ್ನಿನಲ್ಲಿ ಯುದ್ಧ ಮುಗಿದು ಆರು ವರ್ಷವಾದರೂ ಮಾಂಸ, ಬೆಣ್ಣೆ, ಸಕ್ಕರೆಗೆ ಪಡಿತರವಿತ್ತು. ಅದು ಪೂರ್ತಿ ನಿಂತದ್ದು 1954ರಲ್ಲಿ. ಗರ್ಭಿಣಿಯರಿಗೂ ಐದು ವರ್ಷದೊಳಗಿನ ಮಕ್ಕಳಿಗೂ ಹಸಿರು ಹೊದಿಕೆಯ ಪುಸ್ತಕ ಸಿಗುತ್ತಿತ್ತು. ಆ ಹಸಿರು ಪುಸ್ತಕ ಯಾರ ಕೈಯಲ್ಲಿದೆಯೋ ತಾಯಿಯೂ ಮಗುವೂ ಅವರ ಕೈಯಲ್ಲಿ. ಹಳೆಯ ಬ್ಯಾಂಕ್ ಪಾಸ್‌ಬುಕ್ಕುಗಳಿಗೆ ಹಸಿರು ಕಾಗದ ಅಂಟಿಸಿ ಐದು ಪುಸ್ತಕಗಳನ್ನು ಮಾಡಿಕೊಂಡಿದ್ದೆವು.

ನಿರ್ದೇಶಕರು ದೃಶ್ಯ ಎಳೆಯುತ್ತಿದೆ ಎಂದರು. ನಾನು ಹದಿನೆಂಟು ಪುಟಗಳನ್ನೂ ಕಿತ್ತುಹಾಕಿದೆ. ನನ್ನ ತಪ್ಪು ಇದೇ, ಮತ್ತು ಇದನ್ನು ನಾನು ಗೊತ್ತಿದ್ದೇ ಮಾಡಿದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳಬೇಕು. ಆ ಚಿತ್ರಕ್ಕೆ ಹದಿನಾರರ ಕೆಳಗಿನವರಿಗೆ ಪ್ರವೇಶವಿಲ್ಲದ ‘ಎಕ್ಸ್’ ಪ್ರಮಾಣಪತ್ರ ದೊರೆತಿತ್ತು ಎಂಬುದು ನನ್ನ ತಲೆಗೆ ಹತ್ತಿತ್ತು. ಕ್ರೌರ್ಯವೇ ಈ ಕಥೆಯ ಬಂಡವಾಳ ಎಂದು ನಂಬಿದ್ದೆ. ಒಡತಿಯ ಪಾತ್ರದಲ್ಲಿ ಫ್ರೀಡಾ ಜಾಕ್ಸನ್ ಅವರ ಬಿಗಿದ ಮುಖವನ್ನಷ್ಟೇ ನೋಡಿದೆನೇ ಹೊರತು, ಆ ಹೆಂಗಸು ಬೇರೆ ಯಾರೂ ಕೊಡದ ಕೋಣೆಯನ್ನು ಕೊಡುತ್ತಾಳೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮೇಜಿನ ದೃಶ್ಯ ಹೋದ ಜಾಗಕ್ಕೆ ಬೈಗುಳ, ಕಪಾಳಮೋಕ್ಷ, ಸೊಂಟದಲ್ಲಿ ಕೀಲಿಗೊಂಚಲು ಬಂದವು. ಒಡತಿಯ ಪಾತ್ರ ಮಾಡುತ್ತಿದ್ದ ನಮ್ಮ ಹಿರಿಯ ನಟಿ ತಾಲೀಮಿನಲ್ಲಿ, ‘ಮೊದಲು ನನಗೆ ಕೆಲಸವಿತ್ತು ಸರ್, ಈಗ ಕಣ್ಣು ಕೆಂಪಗೆ ಮಾಡುವುದಷ್ಟೇ ಉಳಿದಿದೆ’ ಎಂದರು. ನಾನು ನಕ್ಕು ಸುಮ್ಮನಾದೆ.

ಪ್ರದರ್ಶನದ ರಾತ್ರಿ ರಂಗಸಜ್ಜಿಕೆಯ ಬಾಗಿಲಿನ ಚಿಲಕ ಬೀಳಲಿಲ್ಲ. ಎರಡನೆಯ ಅಂಕದಲ್ಲಿ ಹುಡುಗಿ ಮಗುವನ್ನು ಅವುಚಿಕೊಂಡು ‘ನಾನು ಎಲ್ಲಿಗೆ ಹೋಗಲಿ’ ಎಂದು ಅತ್ತಾಗ, ಹಿಂದಿನ ಸಾಲಿನಿಂದ ಯಾರೋ ‘ಬಾಗಿಲು ತೆರೆದೇ ಇದೆಯಲ್ಲಮ್ಮ, ಹೋಗು’ ಎಂದರು. ಸಭಾಂಗಣವಿಡೀ ನಕ್ಕಿತು. ಆ ಮನುಷ್ಯನ ಮೇಲೆ ಬಹಳ ದಿನ ಸಿಟ್ಟಿತ್ತು. ಆದರೆ ಅವನು ಕೇಳಿದ್ದು ನ್ಯಾಯವೇ. ಅವಳು ಯಾಕೆ ಹೋಗಲಾರಳು ಎಂಬುದಕ್ಕೆ ನನ್ನ ನಾಟಕದಲ್ಲಿ ಉತ್ತರವೇ ಉಳಿದಿರಲಿಲ್ಲ.

ಉತ್ತರ ಇದ್ದದ್ದು ಆ ಕಾಲದ ಲೆಕ್ಕಾಚಾರದಲ್ಲಿ. 1948ರ ರಾಷ್ಟ್ರೀಯ ನೆರವು ಕಾಯಿದೆ ಹಳೆಯ ಬಡವರ ಕಾನೂನನ್ನು ಕೊನೆಗಾಣಿಸಿತ್ತು, ನಿಜ; ಆದರೆ ಕೈಗೂಸಿರುವ ಒಂಟಿ ಹೆಣ್ಣಿಗೆ ಕೋಣೆ ಕೊಡು ಎಂದು ಯಾವ ಕಾಯಿದೆಯೂ ಮನೆಯವರಿಗೆ ಹೇಳಲಿಲ್ಲ. ಮಗುವಿನ ತಂದೆಯಿಂದ ವಾರದ ಹಣ ಪಡೆಯಬೇಕಾದರೆ ಮ್ಯಾಜಿಸ್ಟ್ರೇಟರ ಮುಂದೆ ನಿಂತು ಅವನ ಹೆಸರು ಹೇಳಬೇಕಿತ್ತು, ಅವಳ ಮಾತೊಂದೇ ಸಾಲದೆ ಅದನ್ನು ಬೆಂಬಲಿಸುವ ಬೇರೆ ಸಾಕ್ಷ್ಯವನ್ನೂ ತರಬೇಕಿತ್ತು. ಗರ್ಭಪಾತದ ಕಾನೂನು ಸಡಿಲವಾದದ್ದು 1967ರ ಕಾಯಿದೆಯಿಂದ. ಉಳಿದದ್ದು ದತ್ತು, ಆದರೆ ಹೆರಿಗೆಯಾಗಿ ಆರು ವಾರ ತುಂಬುವ ಮೊದಲು ತಾಯಿ ಕೊಟ್ಟ ಒಪ್ಪಿಗೆ ಕಾನೂನಿನಲ್ಲಿ ನಿಲ್ಲುತ್ತಿರಲಿಲ್ಲ. ತಾಯಿ ಆತುರದಲ್ಲಿ ನಿರ್ಧರಿಸದಿರಲಿ ಎಂಬ ಸದುದ್ದೇಶದ ನಿಯಮ ಅದು. ಆದರೆ ಆ ಆರು ವಾರ ತಲೆಯ ಮೇಲೊಂದು ಸೂರು ಬೇಕಲ್ಲ. ನನ್ನ ಒಡತಿಯ ವ್ಯಾಪಾರ ನಡೆಯುತ್ತಿದ್ದುದು ಆ ಸಂದಿನಲ್ಲಿಯೇ.

ಆದ್ದರಿಂದ ಅವಳನ್ನು ಇನ್ನಷ್ಟು ಕ್ರೂರಿಯಾಗಿಸಬೇಡಿ, ಇನ್ನಷ್ಟು ಉಪಕಾರಿಯಾಗಿಸಿ. ಹಣ ಪಡೆದು ಪರರ ಕೂಸುಗಳನ್ನು ಸಾಕುವ ನೆಪದಲ್ಲಿ ಕೊಂದು 1896ರಲ್ಲಿ ಗಲ್ಲಿಗೇರಿದ ಅಮೇಲಿಯಾ ಡೈಯರ್ ಕೂಡ ಪತ್ರಿಕೆಯಲ್ಲಿ ಕೊಡುತ್ತಿದ್ದುದು ಅಕ್ಕರೆಯ ಮನೆಯ ಜಾಹೀರಾತನ್ನೇ. ಚಿತ್ರದಲ್ಲಿ ಬರುವ ಕೊಲೆಗಾರ ಪ್ರಿಯಕರನನ್ನೂ ಬಿಟ್ಟುಬಿಡಿ ಎಂಬುದು ನನ್ನ ಹಟ. ಗಂಡಸು ರಂಗಕ್ಕೆ ಬಂದೊಡನೆ ಕಥೆ ಅವನದಾಗುತ್ತದೆ.

ಬೆಂಗಳೂರಿನ ವಿಚಾರಕ್ಕೆ ನನ್ನ ಉತ್ತರ ಬೇಡ ಎಂದೇ. ನಮ್ಮಲ್ಲಿ ಅಂಥ ಹುಡುಗಿಯನ್ನು ಯಾರಿಗೂ ಗೊತ್ತಾಗದಂತೆ ದೂರದ ಊರಿನ ಚಿಕ್ಕಮ್ಮನ ಮನೆಗೆ ಸಾಗಿಸುತ್ತಾರೆ. ಅವಳ ಹಣೆಬರಹ ಬರೆಯುವವರು ನೆಂಟರು, ಬಾಡಿಗೆಗೆ ಕೊಡುವವರಲ್ಲ. ಅದನ್ನು ಬರೆಯುವುದಾದರೆ ಬೇರೆ ನಾಟಕವಾಗಿಯೇ ಬರೆಯಬೇಕು.

ಮರುವರ್ಷ ಸಾಗರದಲ್ಲಿ ಮತ್ತೊಂದು ಪ್ರಯೋಗಕ್ಕೆ ಅವಕಾಶ ಸಿಕ್ಕಿದಾಗ ಮೇಜಿನ ದೃಶ್ಯವನ್ನು ಹನ್ನೊಂದು ಪುಟಗಳಿಗೆ ಇಳಿಸಿ ಮರಳಿ ಸೇರಿಸಿದೆ. ಅದು ನಡೆಯುತ್ತಿರುವಾಗ ನಾಲ್ಕೈದು ಜನ ಎದ್ದು ಚಹಾಕ್ಕೆ ಹೋದದ್ದೂ ನಿಜ. ಎರಡನೆಯ ಅಂಕದಲ್ಲಿ ಹುಡುಗಿ ಅತ್ತಳು. ಚಿಲಕ ಆ ರಾತ್ರಿಯೂ ಬಿದ್ದಿರಲಿಲ್ಲ, ಬಾಗಿಲು ಒಂದು ಗೇಣು ತೆರೆದೇ ಇತ್ತು, ಯಾರೂ ಏನೂ ಅನ್ನಲಿಲ್ಲ.