ತಂಗಿ ಮದುವೆಗೆ ಐದು ತಿಂಗಳಿದೆ, ಯಾವ ಕೆಲಸ ಮೊದಲು?

ಪ್ರಶ್ನೆ: ತಂಗಿಯ ಮದುವೆ 2026ರ ವೈಶಾಖಕ್ಕೆ, ಬಾಗಲಕೋಟೆಯಲ್ಲಿ. ನಾನು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದೇನೆ, ಅಪ್ಪನಿಗೆ ಓಡಾಡಲು ಆಗುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ನಮ್ಮ ಮನೆತನದಲ್ಲಿ ಮದುವೆ ಬಂತೆಂದರೆ ಪಟ್ಟಿ ಬರೆಯುವ ಕೆಲಸ ನನ್ನ ಕೊರಳಿಗೇ ಬೀಳುತ್ತದೆ. ಆ ಸಲುಗೆಯಲ್ಲಿ ಹೇಳುತ್ತೇನ್ರಿ.

ಮಂಟಪ ಗೊತ್ತು ಮಾಡಿಲ್ಲ ಅಂದರೆ ಈ ವಾರವೇ ಮುಗಿಸಿ. ಈ ಸಲ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ, ಅಂದರೆ ಅಧಿಕ ಮಾಸ. ಪಂಚಾಂಗ ನೋಡುವವರು ಆಗ ಮದುವೆ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಬೇಸಿಗೆಯ ಮದುವೆಗಳು ವೈಶಾಖದ ನಾಲ್ಕಾರು ಮುಹೂರ್ತಗಳಿಗೇ ಬಂದು ಬೀಳುತ್ತವೆ. ಮಂಟಪ ಸಿಗದಿದ್ದರೆ ಮನೆ ಮುಂದೆ ಹಂದರ ಹಾಕಬಹುದು, ಅಡುಗೆಯವರು ಸಿಗದಿದ್ದರೆ ಏನು ಮಾಡುತ್ತೀರಿ? ಆದ್ದರಿಂದ ಮಂಟಪದ ಅಡ್ವಾನ್ಸಿನ ದಿನವೇ ಅಡುಗೆಯವರಿಗೂ ಕೊಟ್ಟುಬಿಡಿ. ಫೋಟೋದವರು, ಬ್ಯಾಂಡಿನವರು ಆಮೇಲೆ.

ಇಷ್ಟಾದ ಮೇಲೆ ನಾನು ಹಿಡಿಯುವುದು ಬಸ್ತಾ, ಅಂದರೆ ಮದುವೆಯ ಬಟ್ಟೆ ಖರೀದಿ. ಬಟ್ಟೆ ತಾನೆ, ಒಂದು ದಿನ ಎರಡೂ ಕಡೆಯವರು ಕೂಡಿ ಅಂಗಡಿಗೆ ಹೋದರೆ ಮುಗಿಯಿತು ಅನ್ನಬೇಡಿ. ಅಂಗಡಿಗೆ ಹೋಗುವುದು ಕೊನೆಯ ಕೆಲಸ. ಮೊದಲು ಆಯೇರಿ ಪಟ್ಟಿ, ಅಂದರೆ ಬಳಗದವರಿಗೆ ಉಡುಗೊರೆ ಕೊಡುವ ಬಟ್ಟೆಯ ಪಟ್ಟಿ, ಆಗಬೇಕು: ಸೋದರಮಾವನಿಗೆ ಏನು, ಹಿರಿ ಅತ್ತೆಗೆ ಯಾವ ಸೀರೆ, ಯಾರಿಗೆ ಕುಬಸದ (ರವಿಕೆಯ) ಖಣ ಸಾಕು, ಯಾರಿಗೆ ಟೋಪಿ-ಟಾವೆಲ್. ಈ ಪಟ್ಟಿಯನ್ನು ಮೊಬೈಲಿನಲ್ಲಿ ನೀವೊಬ್ಬರೇ ಮಾಡಬೇಡಿ. ಊರಿಗೆ ಬಂದು ಅವ್ವ, ದೊಡ್ಡವ್ವ, ಅತ್ತೆಯನ್ನು ಕೂರಿಸಿಕೊಂಡು ಬರೆಯಿರಿ. ಯಾರ ಮದುವೆಯಲ್ಲಿ ನಮಗೆ ಏನು ಉಡಿಸಿದ್ದರು ಎಂಬ ಲೆಕ್ಕ ಅವರ ತಲೆಯಲ್ಲಿರುತ್ತದೆ. "ಅವರು ನಮಗ ಹತ್ತಿ ಸೀರಿ ಉಡಿಸ್ಯಾರ, ನಾವ್ಯಾಕ ರೇಷ್ಮಿ ಉಡಿಸಬೇಕ?" ಎಂಬಲ್ಲಿ ಒಂದು ಗಂಟೆ ಹೋದರೂ ಹೋಗಲಿ. ಅಕ್ಕಿಕಾಳಿನ (ಅಕ್ಷತೆಯ) ದಿನ ಹಂದರದಲ್ಲಿ ಆಗುವ ಮುನಿಸು ಇಲ್ಲೇ ಮುಗಿಯುತ್ತದೆ. ಊಟಕ್ಕೆ ಎಷ್ಟು ಜನ ಎನ್ನುವುದಕ್ಕೂ ಇದೇ ಪಟ್ಟಿ ಬುಡ.

ತಂಗಿಗೆ ಕೈಮಗ್ಗದ ಇಳಕಲ್ ಸೀರೆ ಬೇಕಿದ್ದರೆ ಈಗಲೇ ಇಳಕಲ್ಲಿಗೆ ಹೋಗಿ ನೇಕಾರರಿಗೆ ಹೇಳಿ. ಬಣ್ಣ, ದಡಿ (ಅಂಚು) ನಿಮ್ಮ ಮನಸ್ಸಿನಂತೆ ಬೇಕೆಂದರೆ ನೇಯಿಸಬೇಕಾಗುತ್ತದೆ, ಅದಕ್ಕೆ ಹೊತ್ತು ಹಿಡಿಯುತ್ತದೆ. ಟೋಪ್ ತೆನಿ ಎಂಬ ಇಳಕಲ್ಲಿನ ಸಾಂಪ್ರದಾಯಿಕ ಸೆರಗಿನ ಸೀರೆಯಲ್ಲಿ ಒಡಲಿನ ಹಾಸು (ಉದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಅದರ ಎಳೆಗೆ ಇದರ ಎಳೆಯನ್ನು ಕೊಂಡಿ ಹಾಕಿ ಜೋಡಿಸಿದ ಮೇಲೆಯೇ ನೇಯ್ಗೆ. ಒಂದೊಂದು ಸೀರೆಗೂ ಈ ಜೋಡಣೆ ಹೊಸದಾಗಿ ಆಗಬೇಕು. ಕೊಳ್ಳುವಾಗ ಸೀರೆಯನ್ನು ತಿರುವಿ, ಒಡಲು ಮುಗಿದು ಸೆರಗು ಶುರುವಾಗುವ ಕಡೆ ಬೆರಳಾಡಿಸಿ ನೋಡಿ. ಅಡ್ಡಕ್ಕೆ ಕೊಂಡಿಗಳ ಸಾಲು ಬೆರಳಿಗೆ ಸಿಗಬೇಕು. ಆಯೇರಿ ಸೀರೆಗಳಿಗೆಲ್ಲ ಇಷ್ಟು ನೋಡಲು ಹೋಗಬೇಡಿ, ಪಾವರ್‌ಲೂಮಿನವು ನಡೆಯುತ್ತವೆ. ಮದುಮಗಳ ಸೀರೆಗೆ ಮಾತ್ರ ಚೌಕಾಶಿ ಬೇಡ ಎನ್ನುವುದು ನನ್ನ ಹಟ. ಕುಬಸಕ್ಕೆ ಗುಳೇದಗುಡ್ಡದ ಖಣವನ್ನೂ ಅದೇ ದಾರಿಯಲ್ಲಿ ತಂದುಬಿಡಿ.

ಕಿರಾಣಿಯನ್ನು ಸುಗ್ಗಿ ನೋಡಿ ತೆಗೆಯಿರಿ. ಹೊಸ ತೊಗರಿ ಡಿಸೆಂಬರ್-ಜನವರಿಗೆ ಬರುತ್ತದೆ, ಬೇಳೆ ಆಗಲೇ ಮಾಡಿಸಿಡಿ. ಕೆಂಪು ಮೆಣಸಿನಕಾಯಿ ಹೊಸದು ಬಂದಾಗ ವರ್ಷದ ಖಾರ ಹೇಗೂ ಕುಟ್ಟಿಸುತ್ತೀರಿ, ಮದುವೆಯದನ್ನೂ ಸೇರಿಸಿ. ಹಿಂಗಾರಿ ಬಿಳಿಜೋಳದ ರಾಶಿ ಮುಗಿದ ಮೇಲೆ ಕಡಕ್ ರೊಟ್ಟಿ ಬಡಿಯುವ ಹೆಣ್ಣುಮಕ್ಕಳಿಗೆ ಮುಂಗಡ ಕೊಡಿ. ಹಳೆ ಜೋಳದ ಹಿಟ್ಟಿಗೆ ಜಿಗಿ ಕಡಿಮೆ, ರೊಟ್ಟಿ ಹರಿಯುತ್ತದೆ. ರೊಟ್ಟಿ ಮಾತ್ರ ಮದುವೆಯ ಹಿಂದಿನ ವಾರವೇ ಬಡಿಯಿಸಿ. ಸಿಹಿಗೆ ಗೋಧಿ ಹುಗ್ಗಿಯೋ ಬುಂದೆಯೋ ಎಂಬ ಜಗಳಕ್ಕೆ ನಾನು ಬರುವುದಿಲ್ಲ. ಗೋಬಿ ಮಂಚೂರಿ ಸ್ಟಾಲಿನ ದುಡ್ಡನ್ನು ಮಾತ್ರ ತಣ್ಣನೆಯ ನೀರಿಗೆ, ಕೂಲರಿಗೆ, ಮಜ್ಜಿಗೆಗೆ ಹಾಕಿ ಅನ್ನುತ್ತೇನೆ. ವೈಶಾಖದ ಮಧ್ಯಾಹ್ನ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುವುದು ಹೊಸದೇನಲ್ಲ. ನೀರಿನ ಟ್ಯಾಂಕರ್ ಮಂಟಪದವರದೋ ನಿಮ್ಮದೋ ಎಂಬುದನ್ನು ಬರೆಸಿಕೊಳ್ಳಿ.

ಲಗ್ನಪತ್ರಿಕೆ ಒಂದೂವರೆ ತಿಂಗಳು ಮುಂಚೆ ಅಚ್ಚಾದರೆ ಸಾಕು. ಹೆಸರುಗಳ ಸಾಲನ್ನು ಅಚ್ಚಿಗೆ ಮೊದಲು ಎರಡೂ ಮನೆಯ ಹಿರಿಯರಿಗೆ ಓದಿ ಹೇಳಿ.

ಬೆಂಗಳೂರಿನ ಬಳಗಕ್ಕೆ ರೈಲಿನ ಟಿಕೆಟ್ 60 ದಿನ ಮೊದಲು ತೆರೆಯುತ್ತದೆ. ಬಸವ ಎಕ್ಸ್‌ಪ್ರೆಸ್, ಗೋಲಗುಂಬಜ್ ಎಕ್ಸ್‌ಪ್ರೆಸ್ ಎರಡೂ ಬೇಸಿಗೆ ರಜೆಯಲ್ಲಿ ಬೇಗ ತುಂಬುತ್ತವೆ. ದಿಬ್ಬಣಕ್ಕೆ ಸರ್ಕಾರಿ ಬಸ್ಸನ್ನು ಕರಾರಿನ ಮೇಲೆ ತೆಗೆದುಕೊಂಡರೆ ಹೆಣ್ಣುಮಕ್ಕಳ ಉಚಿತ ಪ್ರಯಾಣ ಅದಕ್ಕೆ ನಡೆಯುವುದಿಲ್ಲ, ಪೂರ್ತಿ ಬಾಡಿಗೆ ಲೆಕ್ಕಕ್ಕೆ ಹಿಡಿಯಿರಿ. ಲಗ್ನಪತ್ರಿಕೆಯ ಎರಡು ಪ್ರತಿ, ಇಬ್ಬರ ಆಧಾರ್, ಅಕ್ಕಿಕಾಳಿನ ಹೊತ್ತಿನ ಒಂದು ಫೋಟೋ ಒಂದೇ ಫೈಲಿನಲ್ಲಿ ಇಡಿ. ಮದುವೆ ನೋಂದಣಿಗೆ ಈಗ ನೋಂದಣಿ ಇಲಾಖೆಯ ಕಾವೇರಿ 2.0 ವೆಬ್‌ಸೈಟಿನಲ್ಲಿ ಆನ್‌ಲೈನ್ ಅರ್ಜಿ ಹಾಕಬಹುದು, ಆ ಕೆಲಸವನ್ನು ನೀವು ಬೆಂಗಳೂರಿನಲ್ಲಿ ಕೂತೇ ಶುರು ಮಾಡಬಹುದು.