ಬಿ. ಸರೋಜಾದೇವಿ ಅವರು ನಾಲ್ಕು ಭಾಷೆಗಳಲ್ಲಿ ನಾಯಕಿಯಾಗಿ ನೆಲೆ ನಿಂತದ್ದು ಹೇಗೆ?

1938ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಸರೋಜಾದೇವಿ ಅವರು ಹೊನ್ನಪ್ಪ ಭಾಗವತರ್ ಅವರ 'ಮಹಾಕವಿ ಕಾಳಿದಾಸ' (1955) ಚಿತ್ರದ ಮೂಲಕ ಬೆಳ್ಳಿತೆರೆಗೆ ಬಂದರು. ಕನ್ನಡದಲ್ಲಿ ಆರಂಭವಾದ ಈ ಪಯಣ ತೆಲುಗು, ತಮಿಳು, ಹಿಂದಿಗಳಿಗೂ ಹಬ್ಬಿತು.

ನಿಜವಾದ ತಿರುವು ಸಿಕ್ಕಿದ್ದು ಎಂ.ಜಿ.ಆರ್. ನಿರ್ದೇಶಿಸಿ ನಟಿಸಿದ ತಮಿಳಿನ 'ನಾಡೋಡಿ ಮನ್ನನ್' (1958) ಚಿತ್ರದಿಂದ. ಕಪ್ಪು-ಬಿಳುಪಿನಲ್ಲಿ ಸಾಗುವ ಆ ಚಿತ್ರವು ಉತ್ತರಾರ್ಧದಲ್ಲಿ ವರ್ಣಕ್ಕೆ ತಿರುಗುತ್ತದೆ. ರಾಜಕುಮಾರಿಯಾಗಿ ಅವರು ಕಾಣಿಸಿಕೊಳ್ಳುವುದೂ ಆ ಭಾಗದಲ್ಲೇ ಆದ್ದರಿಂದ, ಹೊಸ ನಟಿಗೆ ಅದಕ್ಕಿಂತ ಒಳ್ಳೆಯ ಪ್ರವೇಶ ದೊರೆಯುವುದು ಕಷ್ಟವಿತ್ತು. ಮರುವರ್ಷವೇ 'ಪೈಗಾಮ್' ಮೂಲಕ ಹಿಂದಿ ಚಿತ್ರರಂಗಕ್ಕೂ ಕಾಲಿಟ್ಟರು.

ತಮಿಳರು ಅವರನ್ನು 'ಕನ್ನಡತ್ತು ಪೈಂಗಿಳಿ' (ಕನ್ನಡದ ಗಿಳಿ) ಎಂದು ಕೊಂಡಾಡಿದರೆ, ನಮ್ಮವರಿಗೆ ಅವರು 'ಅಭಿನಯ ಸರಸ್ವತಿ'. ಇಷ್ಟು ಬೇಡಿಕೆಯ ನಡುವೆಯೂ ಅವರು ಕನ್ನಡವನ್ನು ಬಿಡಲಿಲ್ಲ ಎಂಬುದೇ ನನಗೆ ಮುಖ್ಯವೆನಿಸುತ್ತದೆ: ಬಿ.ಆರ್. ಪಂತುಲು ಅವರ 'ಕಿತ್ತೂರು ಚೆನ್ನಮ್ಮ' (1961) ಚಿತ್ರದ ರಾಣಿಯನ್ನು ಕನ್ನಡಿಗರು ಇಂದಿಗೂ ಅವರ ಮುಖದಲ್ಲೇ ಕಾಣುತ್ತಾರೆ, ಕನ್ನಡದ ಮೊದಲ ಪೂರ್ಣ ವರ್ಣಚಿತ್ರವಾದ 'ಅಮರಶಿಲ್ಪಿ ಜಕಣಾಚಾರಿ'ಯ ನಾಯಕಿಯೂ ಅವರೇ.

1967ರಲ್ಲಿ ವಿವಾಹವಾದ ನಂತರವೂ ಅವರು ನಟನೆಯನ್ನು ಮುಂದುವರಿಸಿದರು. 1969ರಲ್ಲಿ ಪದ್ಮಶ್ರೀ, 1992ರಲ್ಲಿ ಪದ್ಮಭೂಷಣ ಗೌರವಗಳು ಸಂದವು. 2025ರ ಜುಲೈ 14ರಂದು ಬೆಂಗಳೂರಿನಲ್ಲಿ ನಿಧನರಾದರು.