ಹಸಿವಿದೆ, ಕತ್ತು ಬಗ್ಗುವುದಿಲ್ಲ

ಪ್ರಶ್ನೆ: ನಮ್ಮ ಹನ್ನೊಂದು ವರ್ಷದ ಹೆಣ್ಣು ಕುದುರೆಗೆ ಧನುರ್ವಾಯು, ಇನ್‌ಫ್ಲುಯೆಂಜಾ, ರೇಬೀಸ್ ಮೂರೂ ಲಸಿಕೆಗಳನ್ನು ಒಂದೇ ದಿನ ಹಾಕಿಸಿದೆವು. ಮಾರನೆಯ ದಿನ ಕುತ್ತಿಗೆಯ ಎಡಭಾಗ ಅಂಗೈಯಗಲ ಊದಿತು. ಎರಡು ದಿನ ನೆಲದಲ್ಲಿ ಹಾಕಿದ ಹುಲ್ಲನ್ನು ಮುಟ್ಟಲಿಲ್ಲ, ಬಕೆಟ್ಟಿನ ನೀರೂ ಹಾಗೆಯೇ ಉಳಿದಿತ್ತು. ಮೂರನೆಯ ದಿನ ತಾನಾಗಿ ಸರಿಹೋಯಿತು. ಇದು ಅಲರ್ಜಿಯೇ? ಇನ್ನು ಮುಂದೆ ಲಸಿಕೆಯ ಸಹವಾಸವೇ ಬೇಡ ಎಂದುಕೊಂಡಿದ್ದೇವೆ.

ಉತ್ತರ: ‘ನೆಲದಲ್ಲಿ ಹಾಕಿದ ಹುಲ್ಲು’ ಎಂದು ಬರೆದಿದ್ದೀರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ನಿಮ್ಮ ಕುದುರೆಗೆ ಹಸಿವು ಇದ್ದಿರಬೇಕು. ತಲೆ ತಗ್ಗಿಸಲು ಕುತ್ತಿಗೆ ಬಿಟ್ಟಿರಲಿಕ್ಕಿಲ್ಲ. ಮುಂದೆ ಹೀಗಾದರೆ ಒಂದು ಹಿಡಿ ಹುಲ್ಲನ್ನು ಅದರ ಮೂತಿಯ ಎತ್ತರಕ್ಕೆ ಹಿಡಿಯಿರಿ. ತುಟಿ ಚಾಚಿ ಎಳೆದುಕೊಂಡರೆ ತೊಂದರೆ ಕುತ್ತಿಗೆಯದು. ಮುಖ ತಿರುಗಿಸಿದರೆ ಥರ್ಮಾಮೀಟರ್ ತನ್ನಿ. ಇಂಥ ಕುದುರೆಯನ್ನು ನೋಡಲು ಹೋದಾಗ ನಾನು ಮೊದಲು ನೀರಿನ ಬಕೆಟ್ಟನ್ನು ಅದರ ಎದೆಯ ಮಟ್ಟಕ್ಕೆ ಏರಿಸುತ್ತೇನೆ, ಔಷಧದ ಪೆಟ್ಟಿಗೆ ಆಮೇಲೆ. ನೀರು ಕುಡಿಯದ ಕುದುರೆಯ ಕರುಳಿನಲ್ಲಿ ಮೇವು ಗಟ್ಟಿಯಾಗಿ ಕೂತು ಹೊಟ್ಟೆಶೂಲೆ ಬರಬಹುದು. ಊತಕ್ಕಿಂತ ನನಗೆ ಅದರದ್ದೇ ಭಯ.

ಅನೇಕ ಲಸಿಕೆಗಳಲ್ಲಿ ದೇಹದ ರೋಗನಿರೋಧಕ ಶಕ್ತಿಯನ್ನು ಕೆಣಕಲೆಂದೇ ಸೇರಿಸಿದ ಪದಾರ್ಥಗಳಿರುತ್ತವೆ. ಚುಚ್ಚಿದ ಜಾಗದಲ್ಲಿ ಊತ, ನೋವು, ಒಂದೆರಡು ದಿನ ಮಂಕು, ತುಸು ಜ್ವರ ಎಲ್ಲವೂ ಆ ಕೆಣಕುವಿಕೆಯ ಫಲ. ವಿಶ್ರಾಂತಿಯಲ್ಲಿರುವ ದೊಡ್ಡ ಕುದುರೆಯ ಮೈಬಿಸಿ ಸುಮಾರು 37.2ರಿಂದ 38.3 ಡಿಗ್ರಿ ಸೆಲ್ಸಿಯಸ್. ಲಸಿಕೆಗೆ ಮೊದಲೇ ಒಮ್ಮೆ ಅಳೆದು ಬರೆದಿಟ್ಟರೆ ಹೋಲಿಸಲು ಅನುಕೂಲ.

ನಿಜವಾದ ಅಲರ್ಜಿ ಮಾರನೆಯ ದಿನದವರೆಗೆ ಕಾಯುವುದು ಅಪರೂಪ. ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಅಥವಾ ಗಂಟೆಗಳಲ್ಲಿ ಮೈತುಂಬ ದದ್ದು ಏಳುತ್ತದೆ, ಮುಖ ಊದುತ್ತದೆ. ಏದುಸಿರು, ಬೆವರು ಕಂಡು ಕುದುರೆ ಕುಸಿದರೆ ಅದನ್ನು ಉಳಿಸುವುದು ವೈದ್ಯರ ಕೈಯಲ್ಲಿರುವ ಎಪಿನೆಫ್ರಿನ್ ಎಂಬ ತುರ್ತು ಚುಚ್ಚುಮದ್ದು. ಆದ್ದರಿಂದ ಚುಚ್ಚಿದ ಕೂಡಲೇ ಹಗ್ಗ ಬಿಚ್ಚಿ ಬಯಲಿಗೆ ಅಟ್ಟಬೇಡಿ. ಅರ್ಧ ಗಂಟೆಯಾದರೂ ಕಣ್ಣೆದುರು ಇರಲಿ. ಇನ್ನೊಂದು, ಬಹಳ ವಿರಳ: ಊತ ಇಳಿಯದೆ ದಿನೇ ದಿನೇ ಹಿಗ್ಗಿದರೆ, ಬೆರಳಿನಿಂದ ಒತ್ತಿದಾಗ ಚರ್ಮದಡಿ ಚರಚರ ಸದ್ದು ಬಂದರೆ, ಅಲ್ಲಿ ಗಾಳಿ ಉತ್ಪಾದಿಸುವ ಬ್ಯಾಕ್ಟೀರಿಯಾ ಸೇರಿರಬಹುದು. ಆಗ ಬೆಳಗಾಗಲಿ ಎಂದು ಕಾಯಬಾರದು.

ಲಸಿಕೆ ಬಿಡುವ ವಿಚಾರಕ್ಕೆ ನನ್ನ ಸಮ್ಮತಿಯಿಲ್ಲ. ಧನುರ್ವಾಯುವಿನ ಬೀಜಾಣುಗಳು ಮಣ್ಣಿನಲ್ಲೂ ಲದ್ದಿಯಲ್ಲೂ ಇರುತ್ತವೆ, ಗೊರಸಿಗೆ ಒಂದು ಮೊಳೆ ಚುಚ್ಚಿದರೆ ಸಾಕು. ಲಸಿಕೆ ಇಲ್ಲದ ಕುದುರೆಗೆ ಗಾಯವಾದಾಗ ವೈದ್ಯರು ಆ್ಯಂಟಿಟಾಕ್ಸಿನ್, ಅಂದರೆ ಧನುರ್ವಾಯುವಿನ ವಿಷವನ್ನು ತಡೆಯುವ ಮದ್ದು, ಕೊಡಬೇಕಾಗುತ್ತದೆ. ಅದು ಬೇರೆ ಕುದುರೆಗಳ ರಕ್ತದ ಸೀರಮ್ಮಿನಿಂದ ತಯಾರಾದದ್ದು. ವಿರಳವಾಗಿಯಾದರೂ ಕೆಲವು ವಾರಗಳ ನಂತರ ಯಕೃತ್ತು ಕೆಟ್ಟು ಕುದುರೆ ಸಾಯುವುದುಂಟು. ಸೀರಮ್ ಪಡೆದ ಕುದುರೆಗಳಲ್ಲಿ ಈ ಕಾಯಿಲೆಯನ್ನು ದಕ್ಷಿಣ ಆಫ್ರಿಕಾದಲ್ಲಿ ಪಶುವೈದ್ಯ ಆರ್ನಾಲ್ಡ್ ಥೈಲರ್ 1918ರಲ್ಲೇ ವಿವರಿಸಿದ್ದರು, ಇಂದಿಗೂ ಅದನ್ನು ಥೈಲರ್ ಕಾಯಿಲೆ ಎನ್ನುತ್ತೇವೆ. ಎರಡು ದಿನದ ಕುತ್ತಿಗೆ ನೋವಿಗೆ ಹೆದರಿ ಈ ಅಪಾಯಕ್ಕೆ ಕೈ ಹಾಕುವುದೇ? ರೇಬೀಸ್ ಬಗ್ಗೆಯಂತೂ ಚರ್ಚೆಯೇ ಬೇಡ. ಅದಕ್ಕೆ ಮದ್ದಿಲ್ಲ, ಜೊತೆಗೆ ಕುದುರೆಯ ಬಾಯಿಗೆ ಕೈ ಹಾಕಿದವರಿಗೂ ತಗಲಬಹುದು.

ಮುಂದಿನ ಸಲ ಮೂರನ್ನೂ ಬೇರೆ ಬೇರೆ ದಿನ, ಮೂರು ನಾಲ್ಕು ವಾರಗಳ ಅಂತರದಲ್ಲಿ ಹಾಕಿಸಿ. ಯಾವುದು ನಿಮ್ಮ ಕುದುರೆಗೆ ಒಗ್ಗುವುದಿಲ್ಲ ಎಂಬುದು ಆಗ ತಿಳಿಯುತ್ತದೆ. ಅದೊಂದನ್ನು ಬೇರೆ ತಯಾರಕರದ್ದಕ್ಕೆ ಬದಲಿಸಬಹುದು. ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆ, ಯಾವ ಮಗ್ಗುಲಿಗೆ ಚುಚ್ಚಿದರು ಎಂಬುದನ್ನು ಗುರುತು ಹಾಕಿಕೊಳ್ಳಿ. ಊತ ತಗ್ಗಿಸುವ ಔಷಧವನ್ನು ಮುಂಚಿತವಾಗಿ ಕೊಡಬೇಕೋ ಬೇಡವೋ ಎಂಬುದು ವೈದ್ಯರಿಗೆ ಬಿಟ್ಟದ್ದು. ನೀವೇ ಚುಚ್ಚಲು ಹೋಗಬೇಡಿ. ಮಾರನೆಯ ದಿನ ಲಾಯದಲ್ಲೇ ನಿಲ್ಲಿಸದೆ ನಿಧಾನವಾಗಿ ನಡೆಸಿದರೆ ಸ್ನಾಯು ಬೇಗ ಸಡಿಲಗೊಳ್ಳುತ್ತದೆ.

ಪ್ರಶ್ನೆ: ಐದು ದಿನದಲ್ಲಿ ಸ್ಪರ್ಧೆ ಇದೆ. ಇನ್‌ಫ್ಲುಯೆಂಜಾ ಲಸಿಕೆ ಈಗ ಹಾಕಿಸಬಹುದೇ?

ಉತ್ತರ: ಬೇಡ. ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟದ ನಿಯಮದಂತೆ, ಸ್ಪರ್ಧೆಯ ಜಾಗಕ್ಕೆ ಬರುವ ಮುನ್ನಿನ 7 ದಿನಗಳೊಳಗೆ ಈ ಲಸಿಕೆ ಕೊಟ್ಟಿರಬಾರದು. ಎರಡು ವಾರ ಮೊದಲೇ ಮುಗಿಸುವುದು ನನ್ನ ರೂಢಿ. ಕುತ್ತಿಗೆ ಬಿಗಿದ ಕುದುರೆ ಜಿಗಿಯಲು ಹೋಗಿ ಎಡವಿದರೆ ಬೀಳುವವರು ನೀವೂ ಹೌದು.